ನಿವೃತ್ತಿಯಾಗಿ ಕೊಡಗಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಊಟದ ಸಾಲಿನಲ್ಲಿ, ಸಹಕಾರ ಸಂಘದ ಜಗಲಿಯಲ್ಲಿ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಪೆನ್ಷನ್‌ದಾರರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳಿವು. ಬ್ಯಾಂಕಿನಲ್ಲಿ ದುಡಿದು ಪೆನ್ಷನ್ ಬಂದವನಾದ್ದರಿಂದ ಜನ ನನ್ನ ಹತ್ತಿರ ಮೊದಲು ಬಡ್ಡಿಯ ವಿಷಯ ಎತ್ತುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಿಜವಾದ ಪ್ರಶ್ನೆ ಹೊರಗೆ ಬರುತ್ತದೆ.

ರಿಟೈರ್ ಆಗಿ ಆರು ತಿಂಗಳಾಯಿತು. ಮೊದಮೊದಲು ಹಬ್ಬದ ಹಾಗಿತ್ತು. ಈಗ ಬೆಳಿಗ್ಗೆ ಏಳುವುದಕ್ಕೇ ಬೇಜಾರು. ನನಗೊಬ್ಬನಿಗೇ ಹೀಗಾ?

ಅಲ್ಲ. ಹೆಚ್ಚಿನವರಿಗೆ ಹೀಗೇ ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ. ಮೊದಲ ತಿಂಗಳುಗಳಲ್ಲಿ ಬಾಕಿ ಬಿದ್ದ ಕೆಲಸಗಳಿರುತ್ತವೆ. ಮನೆಗೆ ಸುಣ್ಣಬಣ್ಣ, ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿ ಅಲೆದಾಟ, ಹಲ್ಲಿನ ಡಾಕ್ಟರು, ಇಷ್ಟು ವರ್ಷ ಹೋಗದೆ ಉಳಿದ ನೆಂಟರ ಮನೆ. ಅದೆಲ್ಲ ಮುಗಿದ ಮೇಲೆ ಒಂದು ಮಂಗಳವಾರ ಎದುರಾಗುತ್ತದೆ, ಆ ದಿನ ಮಾಡಲೇಬೇಕಾದ್ದು ಏನೂ ಇರುವುದಿಲ್ಲ.

ಕೆಲಸದಲ್ಲಿದ್ದಾಗ ಸಂಬಳದ ಜೊತೆಗೆ ಹೊರಡುವ ಹೊತ್ತೊಂದು ಸಿಗುತ್ತಿತ್ತು, ಹತ್ತೂವರೆಗೆ ಜೊತೆಯಲ್ಲಿ ಟೀ ಕುಡಿಯುವವರು ಸಿಗುತ್ತಿದ್ದರು, ‘ಅದನ್ನು ಅವರನ್ನೇ ಕೇಳಿ’ ಎಂದು ನಿಮ್ಮತ್ತ ಬೆರಳು ತೋರಿಸುವವರಿದ್ದರು. ಪೆನ್ಷನ್ ಬರುವುದು ಸಂಬಳದ ಬದಲಿಗೆ. ಉಳಿದ ಮೂರನ್ನು ನಾವೇ ಹೊಂದಿಸಿಕೊಳ್ಳಬೇಕು. ಕೇಳಿದವರಿಗೆಲ್ಲ ನಾನು ಒಂದೇ ಮರುಪ್ರಶ್ನೆ ಹಾಕುತ್ತೇನೆ: ಈ ವಾರ ನೀವು ಎಲ್ಲಾದರೂ ಹೋಗದೆ ಉಳಿದರೆ, ‘ಯಾಕೆ ಬರಲಿಲ್ಲ?’ ಎಂದು ಫೋನ್ ಮಾಡುವವರು ಯಾರಾದರೂ ಇದ್ದಾರಾ? ಇಲ್ಲವೆಂದಾದರೆ ಅಲ್ಲಿಂದ ಶುರು ಮಾಡಿ.

ಬದುಕಿಗೆ ಒಂದು ದೊಡ್ಡ ಗುರಿ ಇರಲೇಬೇಕಾ?

ಬೇಡ. ಮೂವತ್ತೈದು ವರ್ಷ ಬೇರೆಯವರು ಕೊಟ್ಟ ಗುರಿಗಳ ಹಿಂದೆ ಓಡಿದ್ದೀರಿ. ವಾರದಲ್ಲಿ ಎರಡು ಮೂರು ಕಡೆ ನಿಮ್ಮ ಅಗತ್ಯವಿದ್ದರೆ ಸಾಕು.

ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ಸುಮ್ಮನೆ ಕೂತರೆ ನಾಚಿಕೆಯಲ್ಲವೇ?

ಈ ಮಾತು ನಮ್ಮಲ್ಲಿ ಭಾಷಣಗಳಲ್ಲಿ ಬಹಳ ಕೇಳಿಸುತ್ತದೆ. ಜನರಲ್ ತಿಮ್ಮಯ್ಯ 1961ರಲ್ಲಿ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದರು. 1964ರಲ್ಲಿ ವಿಶ್ವಸಂಸ್ಥೆ ಕರೆಯಿತೆಂದು ಸೈಪ್ರಸ್‌ಗೆ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋದರು, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ದು, ಆಮೇಲೆ ಮಡಿಕೇರಿಯ ತಮ್ಮ ಮನೆ ರೋಷನಾರಾದಲ್ಲಿ ದಶಕಗಟ್ಟಲೆ ಬದುಕಿದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ನಿವೃತ್ತಿಯಾಗಿ ಮೂವತ್ತಮೂರು ವರ್ಷಕ್ಕೆ.

ದೊಡ್ಡವರ ಬದುಕು ದೊಡ್ಡದು, ಗೌರವ ಸಲ್ಲಲಿ. ಆದರೆ ಹವಾಲ್ದಾರರಾಗಿಯೋ ಹೆಡ್‌ಮಾಸ್ಟರಾಗಿಯೋ ಪೆನ್ಷನ್ ಬಂದವರಿಗೆ ಅದೇ ಅಳತೆಗೋಲು ಹಿಡಿದರೆ ಅವರು ಏನನ್ನೂ ಶುರು ಮಾಡುವುದಿಲ್ಲ. ವಿಶ್ವಸಂಸ್ಥೆ ನಿಮ್ಮನ್ನು ಕರೆಯುವುದಿಲ್ಲ. ಪಕ್ಕದ ಶಾಲೆಯ ಮಕ್ಕಳ ಹಾಕಿ ತಂಡ ಕರೆಯಬಹುದು.

ತೋಟ ಇದೆಯಲ್ಲ, ಅದನ್ನು ನೋಡಿಕೊಂಡಿದ್ದರೆ ಸಾಲದೇ?

ಕೊಡಗಿನವರ ಸಿದ್ಧ ಉತ್ತರವೇ ಇದು. ‘ರಿಟೈರ್ ಆದ ಮೇಲೆ ಏನ್ ಮಾಡ್ತೀರಿ?’ ‘ತೋಟ ಇದೆಯಲ್ಲ.’ ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಒಪ್ಪುವುದಿಲ್ಲ, ಅಥವಾ ಅರ್ಧ ಒಪ್ಪುತ್ತೇನೆ.

ಕಾಫಿ ತೋಟವೆಂದರೆ ಇನ್ನೊಂದು ನೌಕರಿ. ಫೆಬ್ರವರಿ ಕಳೆಯುತ್ತಿದ್ದಂತೆ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡಬೇಕು. ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿಸಬೇಕು, ಕೆರೆಯಲ್ಲಿ ನೀರಿದೆಯೋ ಇಲ್ಲವೋ ನೋಡಬೇಕು. ಮುಂಗಾರಿಗೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಯುವ ಕಪಾತು, ಗೊಬ್ಬರ. ಅರೇಬಿಕಾ ಇದ್ದರೆ ಬಿಳಿ ಕಾಂಡಕೊರಕದ ಕಾಟ. ಅರೇಬಿಕಾ ಕುಯ್ಲು ಮುಗಿಯುವುದರೊಳಗೆ ರೊಬಸ್ಟಾ ಕುಯ್ಲು, ನಡುವೆ ಕರಿಮೆಣಸು. ಕಣದಲ್ಲಿ ಕಾಫಿ ಹರಡಿದ ದಿನವೇ ಮೋಡ. ಇದರ ಮೇಲೆ ಆಳಿನ ಕೊರತೆ, ಆನೆ. ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ನೂರು ಜನರನ್ನು ನಿಭಾಯಿಸಿದ ಅಧಿಕಾರಿ ಐದು ಜನ ಆಳು ಬೆಳಿಗ್ಗೆ ಬರಲಿಲ್ಲವೆಂದು ಕಂಗೆಟ್ಟು ಕೂತದ್ದನ್ನು ನೋಡಿದ್ದೇನೆ. ಮೇಸ್ತ್ರಿಯನ್ನು ಗದರಿಸಿ ಮಾತಾಡಿದರೆ ಮಾರನೇ ದಿನ ಅವನೂ ಬರುವುದಿಲ್ಲ.

ಇದೆಲ್ಲ ಇಷ್ಟವಾದರೆ ತೋಟಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಪ್ಪ ಮಾಡುತ್ತಿದ್ದರೆಂಬ ನೆನಪಿನ ಮೇಲೆ ತೋಟ ಮಾಡುವುದಕ್ಕಿಂತ ಅಲ್ಲಿ ಹೋಗಿ ಕೇಳುವುದು ಮೇಲು. ಮಣ್ಣು ಪರೀಕ್ಷೆ ಮಾಡಿಸಿ. ಪಕ್ಕದ ತೋಟದ ಲೆಕ್ಕ, ಕೆಲಸ ನೋಡಿಕೊಂಡ ಹಳೆಯ ರೈಟರ್ ಸಿಕ್ಕರೆ ಅವರ ಜೊತೆ ಒಂದು ಪೂರ್ತಿ ವರ್ಷ ಓಡಾಡಿ, ಹೂವಿನಿಂದ ಕುಯ್ಲಿನವರೆಗೆ. ಹೊಸದಾಗಿ ನೆಟ್ಟ ಗಿಡ ಮೊದಲ ಫಸಲು ಕೊಡುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಅರವತ್ತರಲ್ಲಿ ನೆಡುವವರಿಗೆ ಇದು ಅಡ್ಡಿಯಲ್ಲ, ಲೆಕ್ಕದಲ್ಲಿರಲಿ ಅಷ್ಟೇ.

ಇಷ್ಟವಿಲ್ಲದಿದ್ದರೆ? ತಮ್ಮನಿಗೋ ಗುತ್ತಿಗೆಗೋ ಕೊಟ್ಟು ಮನೆಯ ಸುತ್ತಲಿನ ಹತ್ತು ಸೆಂಟು ಇಟ್ಟುಕೊಳ್ಳಿ. ಅದರಲ್ಲಿ ಸೋಲಿಲ್ಲ. ಬೇಜಾರಿನಿಂದ ನೋಡಿಕೊಂಡ ತೋಟ ತೋಟವನ್ನೂ ಕೆಡಿಸುತ್ತದೆ, ಮನುಷ್ಯನನ್ನೂ ಕೆಡಿಸುತ್ತದೆ.

ಅಷ್ಟು ದೊಡ್ಡದು ಬೇಡ. ಕೈಗೆ ಕೆಲಸ, ತಲೆಗೂ ಕೆಲಸ ಇರುವ ಚಿಕ್ಕದೊಂದು ಹೇಳಿ.

ಜೇನು. ಪಕ್ಷಪಾತ ಎನ್ನಿ ಬೇಕಾದರೆ, ನಮ್ಮ ಮನೆ ಹಿಂದೆಯೂ ಪೆಟ್ಟಿಗೆಗಳಿವೆ.

ಕೊಡಗಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. ಎರಡು ಪೆಟ್ಟಿಗೆಯಿಂದ ಶುರು ಮಾಡಬಹುದು, ಹಣ ಹೆಚ್ಚು ಬೇಡ, ಭಾರ ಎತ್ತುವ ಕೆಲಸವಿಲ್ಲ. ಆದರೆ ಗಮನ ಬೇಕು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟು ಇರುವೆ ಹತ್ತದಂತೆ ನೋಡಬೇಕು, ಮೇಣದ ಪತಂಗ ಸೇರಿತೇ ಎಂದು ತೆರೆದು ನೋಡಬೇಕು, ಕುಟುಂಬ ಒಡೆದು ಹಾರುವ ಲಕ್ಷಣ ಗುರುತಿಸಬೇಕು. ಕಾಫಿ ಹೂವಾದ ಮೇಲೆ ಕಾಡಿನ ಹೂವುಗಳೂ ಸೇರಿ ಏಪ್ರಿಲ್, ಮೇ ಹೊತ್ತಿಗೆ ಜೇನುತುಪ್ಪ. ಜೂನ್ ಬಂದ ಮೇಲೆ ಹುಳಕ್ಕೆ ಹೊರಗೆ ಹೋಗಲಾಗದು, ಹೂವೂ ಇರದು. ಆಗ ಸಕ್ಕರೆ ಪಾನಕ ಇಟ್ಟು ಕುಟುಂಬ ಉಳಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮರೆತವರ ಪೆಟ್ಟಿಗೆ ಸೆಪ್ಟೆಂಬರಿನಲ್ಲಿ ಖಾಲಿ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ಮನೆಮನೆಯಲ್ಲಿ ಇದ್ದ ಪೆಟ್ಟಿಗೆಗಳು ಅಟ್ಟ ಸೇರಿದ್ದು ಆ ಕಾಲದಲ್ಲೇ. ನಿಮ್ಮ ಅಟ್ಟದಲ್ಲೂ ಒಂದಿರಬಹುದು, ಇಳಿಸಿ ನೋಡಿ. ಕಲಿಸುವುದಕ್ಕೆ ತೋಟಗಾರಿಕೆ ಇಲಾಖೆಯವರಿದ್ದಾರೆ, ಭಾಗಮಂಡಲ, ವಿರಾಜಪೇಟೆ ಕಡೆ ಹಳೆಯ ಜೇನು ಕೃಷಿಕರಿದ್ದಾರೆ. ಅವರು ಮಾತಿಗೆ ಸಿಕ್ಕಿದರೆ ಬಿಡುವುದಿಲ್ಲ, ಅರ್ಧ ದಿನ ಇಟ್ಟುಕೊಂಡೇ ಹೋಗಿ.

ಹೋಮ್‌ಸ್ಟೇ ಮಾಡಿದರೆ ಜನರ ಸಂಪರ್ಕವೂ ಆಯಿತು, ದುಡ್ಡೂ ಆಯಿತು ಎನ್ನುತ್ತಾರೆ.

ಎರಡೂ ನಿಜ, ಗಂಡ ಹೆಂಡತಿ ಇಬ್ಬರಿಗೂ ಮನಸ್ಸಿದ್ದರೆ. ಸಾಮಾನ್ಯವಾಗಿ ಯೋಚನೆ ಗಂಡನದು, ಹಾಸಿಗೆ ಹೊದಿಕೆ ಒಗೆದು ಅಕ್ಕಿಯ ಕಡಂಬುಟ್ಟು ಬೇಯಿಸುವುದು ಹೆಂಡತಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು, ಮಾಲೀಕರು ಅಲ್ಲೇ ವಾಸವಿರಬೇಕು, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಶನಿವಾರ ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಹುಡುಗರು ಸ್ಪೀಕರ್ ಹಚ್ಚಿದಾಗ ನಗುನಗುತ್ತಾ ಬೇಡವೆನ್ನುವ ತಾಳ್ಮೆ ಇದೆಯೇ ಎಂದು ಕೇಳಿಕೊಳ್ಳಿ. ಬಂದವರು ಭಾನುವಾರ ಹೊರಟುಹೋಗುತ್ತಾರೆ. ಸಂಗಾತಿಗಾಗಿ ಹೋಮ್‌ಸ್ಟೇ ಮಾಡುತ್ತೀರಾದರೆ ಬೇರೆ ದಾರಿ ನೋಡಿ.

ಚಳಿಗಾಲದಲ್ಲಿ ಎಲ್ಲ ಚೆನ್ನಾಗಿರುತ್ತದೆ. ಮಳೆ ಹಿಡಿದರೆ ತಲೆ ಕೆಡುತ್ತದೆ. ಏನು ಮಾಡುವುದು?

ಇಲ್ಲಿಯ ನಿವೃತ್ತಿಗೆ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಬಟ್ಟೆ ಒಣಗದು, ಕರೆಂಟು ಹೋದರೆ ಎರಡು ದಿನಕ್ಕೋ ಮೂರು ದಿನಕ್ಕೋ, ರಸ್ತೆಗೆ ಮರ ಬಿದ್ದರೆ ಪೇಪರೂ ಇಲ್ಲ. ಕೆಲಸದಲ್ಲಿದ್ದಾಗ ಮಳೆಯಲ್ಲಿಯೂ ಹೊರಡಲೇಬೇಕಿತ್ತು, ಅದೇ ಔಷಧವಾಗಿತ್ತು ಎಂಬುದು ಈಗ ಗೊತ್ತಾಗುತ್ತದೆ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರಿಗೆ ಜೋರು ಮಳೆಯ ರಾತ್ರಿ ನಿದ್ದೆ ಹತ್ತದಿರುವುದೂ ಇದೆ. ಗುಡ್ಡದ ಬದಿಯ ಮನೆಯವರಂತೂ ಎಚ್ಚರಿಕೆ ಬಂದ ಕೂಡಲೇ ನೆಂಟರ ಮನೆಗೆ ಹೋಗಿಬಿಡಬೇಕು. ಆ ಹೆದರಿಕೆಗೆ ಕಾರಣವಿದೆ.

ಮಳೆಗಾಲಕ್ಕೆ ಬೇರೆಯದೇ ದಿನಚರಿ ಬೇಕು, ಅದನ್ನು ಮೇ ತಿಂಗಳಲ್ಲೇ ಹಾಕಿಕೊಳ್ಳಬೇಕು. ವಾರಕ್ಕೆ ಒಂದು ದಿನ ಒಬ್ಬರ ಮನೆಯಲ್ಲಿ ಸೇರುವುದೆಂದು ನಾಲ್ಕು ಮನೆಯವರು ಗೊತ್ತು ಮಾಡಿಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಇಸ್ಪೀಟು ಆಡಿ, ಆಗಸ್ಟ್ 3ರಂದು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ಮಾಡಿ, ಏನಾದರೂ ಆಗಲಿ, ದಿನ ಮಾತ್ರ ತಪ್ಪಿಸಬೇಡಿ. ಒಳಗೆ ಕೂತು ಮಾಡುವ ಕೆಲಸಗಳನ್ನು ಮಳೆಗೇ ಎಂದು ಎತ್ತಿಡಿ. ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯುವುದು, ಒಕ್ಕದ (ಒಂದೇ ಮನೆತನದವರ ಕೂಟದ) ಲೆಕ್ಕಪತ್ರ, ಆಕಾಶವಾಣಿ ಮಡಿಕೇರಿಗೆ ಒಂದು ಭಾಷಣ, ‘ಶಕ್ತಿ’ ಪತ್ರಿಕೆಗೆ ಒಂದು ಲೇಖನ. ಸಾಧ್ಯವಿದ್ದವರು ಹದಿನೈದು ದಿನ ಮೈಸೂರಿಗೋ ಮಗಳ ಮನೆಗೋ ಹೋಗಿ ಬಿಸಿಲು ಕಾಯಿಸಿ ಬನ್ನಿ.

ನಮ್ಮ ಯಜಮಾನರು ರಿಟೈರ್ ಆದ ಮೇಲೆ ಅಡುಗೆಮನೆಗೆ ಬಂದು ಎಲ್ಲದಕ್ಕೂ ಸಲಹೆ ಕೊಡುತ್ತಾರೆ. ಹೇಗೆ ಸಹಿಸುವುದು?

ಸಹಿಸಬೇಡಿ. ಈ ಪ್ರಶ್ನೆಯನ್ನು ಹೆಂಗಸರು ನಗುತ್ತಲೇ ಕೇಳುತ್ತಾರೆ, ಆದರೆ ನಗುವಿನ ಹಿಂದೆ ಸಾಕಷ್ಟು ಸಿಟ್ಟಿರುತ್ತದೆ. ಮೂವತ್ತು ವರ್ಷ ಹಗಲು ಹೊತ್ತು ಮನೆ ಅವರ ಆಡಳಿತದಲ್ಲಿತ್ತು. ಈಗ ಒಬ್ಬರು ವರ್ಗವಾಗಿ ಬಂದ ಮೇಲಧಿಕಾರಿಯ ಹಾಗೆ ಬಂದು, ಉಪ್ಪಿನ ಡಬ್ಬ ಇಲ್ಲಿ ಯಾಕಿದೆ ಎಂದು ಕೇಳುತ್ತಾರೆ.

ಯಜಮಾನರಿಗೆ ಒಂದು ಮಾತು: ಸಲಹೆ ಬಿಟ್ಟು ಕೆಲಸ ತೆಗೆದುಕೊಳ್ಳಿ. ಬೆಳಗಿನ ಕಾಫಿ, ಸಂತೆ, ನಾಯಿ, ಸೌದೆ, ಕರೆಂಟ್ ಬಿಲ್ಲು, ಇವುಗಳಲ್ಲಿ ಕೆಲವನ್ನು ಪೂರ್ತಿಯಾಗಿ ನಿಮ್ಮದು ಮಾಡಿಕೊಳ್ಳಿ. ‘ಸಹಾಯ ಮಾಡಲಾ?’ ಎಂದು ಬಾಗಿಲಲ್ಲಿ ನಿಂತು ಕೇಳಬೇಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಮನೆಯಿಂದ ಹೊರಗಿರುವ ಅಭ್ಯಾಸ ಇಬ್ಬರಿಗೂ ಒಳ್ಳೆಯದು. ಇನ್ನೊಂದು: ನಿಮ್ಮ ಕೆಲಸಕ್ಕೆ ಬೀಳ್ಕೊಡುಗೆ ಸಮಾರಂಭ ನಡೆಯಿತು, ಅವರ ಕೆಲಸ ಇವತ್ತಿಗೂ ನಡೆಯುತ್ತಿದೆ.

ನಾನು ಟೀಚರ್ ಆಗಿದ್ದೆ. ನನ್ನ ನಿವೃತ್ತಿ ಎಂದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ಮೊಮ್ಮಕ್ಕಳು ಸಂತೋಷ ಹೌದು, ಹುದ್ದೆಯಲ್ಲ. ವರ್ಷದಲ್ಲಿ ಎಷ್ಟು ತಿಂಗಳು ಬೆಂಗಳೂರು ಎಂಬುದನ್ನು ನೀವೇ ಹೇಳಿ, ಅವರು ಕೇಳುವ ಮೊದಲೇ. ಉಳಿದ ತಿಂಗಳು ನಿಮಗೆ ಬೇಕಾದ್ದಕ್ಕೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಶನಿವಾರ ಎರಡು ಗಂಟೆ ಮಕ್ಕಳಿಗೆ ಓದಿಸುವವರು ಸಿಕ್ಕರೆ ಬೇಡವೆನ್ನುವ ಊರಿಲ್ಲ. ತೋಟದ ಲೈನ್‌ಮನೆಗಳಲ್ಲಿ ಹೊರ ರಾಜ್ಯಗಳಿಂದ ಬಂದ ಕಾರ್ಮಿಕರ ಮಕ್ಕಳಿದ್ದಾರೆ, ಕನ್ನಡ ಬಾರದೆ ತರಗತಿಯಲ್ಲಿ ಮೂಕರಾಗಿ ಕೂರುವವರು. ಅಂಥ ಮಗುವಿಗೆ ಒಂದು ವರ್ಷ ಕನ್ನಡ ಹೇಳಿಕೊಡಲು ನಿಮಗಿಂತ ತಕ್ಕವರು ಯಾರು? ‘ಟೀಚರ್’ ಎಂದು ಕರೆಸಿಕೊಳ್ಳುವ ಸುಖವೂ ಉಳಿಯುತ್ತದೆ, ಅದನ್ನು ಯಾಕೆ ಮುಚ್ಚಿಡಬೇಕು.

ನಾನು ಮೂವತ್ತೆಂಟಕ್ಕೇ ಮಿಲಿಟರಿಯಿಂದ ಪೆನ್ಷನ್ ಬಂದೆ. ಇದೆಲ್ಲ ನನಗೂ ಅನ್ವಯಿಸುತ್ತದಾ?

ಕಡಿಮೆ. ನಿಮ್ಮದು ನಿವೃತ್ತಿಯಲ್ಲ, ಮಧ್ಯದ ತಿರುವು. ಹದಿನೈದು ವರ್ಷ ಸೇವೆ ಮುಗಿಸಿದ ಜವಾನರಿಗೆ ಪೆನ್ಷನ್ ಸಿಗುತ್ತದೆ, ಆದರೆ ಮಕ್ಕಳ ಓದು ಇನ್ನೂ ಮುಂದಿದೆ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಸೈನ್ಯದಲ್ಲಿ ಕಲಿತ ಕಸುಬಿಗೆ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮೊದಲ ವರ್ಷ ಬರೀ ವಿಶ್ರಾಂತಿ ಎಂದು ಊರಲ್ಲಿ ಕೂತವರು ಐದು ವರ್ಷ ಕೂತದ್ದೂ ಇದೆ. ಎರಡು ಮೂರು ತಿಂಗಳು ಸಾಕು.

ನನಗೆ ತೋಟವೂ ಇಲ್ಲ, ಹಿರಿಯರ ಮೂಲಮನೆಯಾದ ಐನ್‌ಮನೆಯೂ ಇಲ್ಲ. ಬಸ್ ಡ್ರೈವರ್ ಆಗಿದ್ದೆ. ಈ ಮಾತುಗಳೆಲ್ಲ ಉಳ್ಳವರಿಗಲ್ಲವೇ?

ನ್ಯಾಯವಾದ ಪ್ರಶ್ನೆ. ಕೊಡಗಿನ ನಿವೃತ್ತಿ ಎಂದ ಕೂಡಲೇ ಜಗಲಿ, ಕಾಫಿ ಕಪ್ಪು, ಮಂಜಿನ ಬೆಟ್ಟದ ಚಿತ್ರ ಬರೆಯುವವರು ಲೈನ್‌ಮನೆಯಲ್ಲಿ ಮುಪ್ಪಾದವರನ್ನು, ಬಾಡಿಗೆ ಮನೆಯ ಪೆನ್ಷನ್‌ದಾರರನ್ನು ಮರೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಅರವತ್ತರ ನಂತರವೂ ದುಡಿಯುತ್ತಿದ್ದಾರೆ, ಹೊಟ್ಟೆಪಾಡಿಗೆ.

ಆದರೆ ಜನರಿಗೆ ಬೇಕಾಗುವುದಕ್ಕೆ ಪಹಣಿ ಬೇಕಿಲ್ಲ. ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳು, ಅಂದರೆ ದಶಮಂಟಪ, ಮೆರವಣಿಗೆ ಹೊರಡುತ್ತವೆ. ತಿಂಗಳುಗಟ್ಟಲೆ ಮುಂಚೆಯೇ ಒಂದೊಂದು ಸಮಿತಿಗೂ ಲೆಕ್ಕ ಬರೆಯುವವರು, ವಾಹನ ಹೊಂದಿಸುವವರು ಬೇಕು. ಆ ಇಕ್ಕಟ್ಟಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಮಂಟಪ ತಿರುಗಿಸುವ ಕಷ್ಟ ಡ್ರೈವರಿಗೆ ಗೊತ್ತು. ಹಳ್ಳಿಯಲ್ಲಿ ಒಬ್ಬಂಟಿ ಮುದುಕರನ್ನು ಮಡಿಕೇರಿ ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಕಾರಿದ್ದೂ ಓಡಿಸುವವರಿಲ್ಲದ ಮನೆಗಳಿವೆ. ಡೀಸೆಲ್ ಜೊತೆಗೆ ನಿಮ್ಮ ದಿನದ ಸಂಬಳವನ್ನೂ ಕೇಳಿ ತೆಗೆದುಕೊಳ್ಳಿ. ಸೇವೆಯೆಂದರೆ ಪುಕ್ಕಟೆ ಎಂದೇನೂ ಇಲ್ಲ.

ಒಕ್ಕದ ಕೆಲಸ, ದೇವಸ್ಥಾನ ಸಮಿತಿ, ಸಮಾಜ, ಇವುಗಳಿಗೆ ಸೇರಿಕೊಳ್ಳಲೇ?

ಸೇರಿ, ಆದರೆ ಅಧ್ಯಕ್ಷರಾಗುವ ಆತುರ ಬೇಡ. ಹೊರಗೆ ದೊಡ್ಡ ಹುದ್ದೆಯಲ್ಲಿದ್ದವರು ಇಲ್ಲಿಯೂ ಅದೇ ಕುರ್ಚಿ ಹುಡುಕುತ್ತಾರೆ. ಮೂವತ್ತು ವರ್ಷ ಊರಲ್ಲೇ ಇದ್ದು ಹಬ್ಬ ನಡೆಸಿದವರಿಗೆ ಅದು ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಎರಡು ವರ್ಷ ಊಟ ಬಡಿಸಿ, ಚಂದಾ ಪುಸ್ತಕ ಹಿಡಿದು ಓಡಾಡಿ.

ಕೂತು ಮಾಡುವ ಕೆಲಸ ಬೇಕೆಂದರೆ ದಾಖಲೀಕರಣ ಇದೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ಸುತ್ತಿ ಕೊಡಗಿನ ಐನ್‌ಮನೆಗಳನ್ನು ದಾಖಲಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ, ಕೊಡವರ ಜನಪದ ಹಾಡುಗಳ ಸಂಗ್ರಹವಾದ ಪಟ್ಟೋಲೆ ಪಳಮೆಯನ್ನು 2003ರಲ್ಲಿ ಇಂಗ್ಲಿಷಿಗೆ ತಂದದ್ದೂ ಇವರೇ. ನಂಜಮ್ಮ ಸಂಖ್ಯಾಶಾಸ್ತ್ರಜ್ಞೆ. ಜೀವನವಿಡೀ ರೂಢಿಯಾದ ಅಚ್ಚುಕಟ್ಟು ಇಂಥ ಕೆಲಸಕ್ಕೆ ಎಷ್ಟು ಒದಗುತ್ತದೆ ನೋಡಿ. ನಿಮ್ಮ ಊರಿನ ಮಟ್ಟಿಗೆ ಇದನ್ನೇ ಚಿಕ್ಕದಾಗಿ ಮಾಡಬಹುದು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಿಮ್ಮೂರಿನದರಲ್ಲಿ ಯಾವ ಮರಗಳಿವೆ, ಗಡಿ ಎಲ್ಲಿತ್ತು, ಎಲ್ಲಿ ಒತ್ತುವರಿಯಾಗಿದೆ, ಯಾವ ಕಟ್ಟುಪಾಡುಗಳಿದ್ದವು ಎಂದು ಎಂಬತ್ತು ದಾಟಿದವರನ್ನು ಕೇಳಿ ಬರೆದಿಡಿ. ಒತ್ತುವರಿಯ ವಿಷಯ ಬರೆದಾಗ ಸ್ವಲ್ಪ ವೈರ ಬೆಳೆಯುತ್ತದೆ, ಅದಕ್ಕೂ ಸಿದ್ಧರಿರಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರಿಗೆ ಮರಗಳ ಹೆಸರು ಕೇಳಬಹುದು. ಇಲ್ಲಿಯ ಗೌಡರ ಮಾತಾದ ಅರೆಭಾಷೆಯ ಹಾಡು, ಗಾದೆ ಗೊತ್ತಿರುವವರು ಮನೆಯಲ್ಲಿದ್ದರೆ ಫೋನಿನಲ್ಲಿ ಧ್ವನಿ ಹಿಡಿದಿಡಿ. ಮಡಿಕೇರಿಯಲ್ಲಿ ಕೊಡವ ಅಕಾಡೆಮಿಯೂ ಇದೆ, ಅರೆಭಾಷೆ ಅಕಾಡೆಮಿಯೂ ಇದೆ.

ಹಾಕಿ ಹುಚ್ಚು ಇರುವವರಿಗೆ ಹೇಳಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕುಟುಂಬ ಹಾಕಿಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಆಡಿದ್ದಿದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿ ಅದು. ಮೊಣಕಾಲು ಹಿಡಿದರೆ ಅಂಕದ ಮೇಜಿನಲ್ಲಿ ಕೂರಬಹುದು.

ಸಂಜೆ ಎರಡು ಪೆಗ್ ತಪ್ಪೇ?

ಅದನ್ನು ನಿಮ್ಮ ಡಾಕ್ಟರು ಹೇಳಲಿ. ನಾನು ಗಡಿಯಾರ ನೋಡಿ ಎನ್ನುತ್ತೇನೆ. ಕೆಲಸದಲ್ಲಿದ್ದಾಗ ಎಂಟಕ್ಕೆ ಶುರುವಾಗುತ್ತಿದ್ದುದು ಈಗ ಆರಕ್ಕೆ, ಮಳೆಗಾಲದಲ್ಲಿ ಮೂರಕ್ಕೆ ಶುರುವಾಗುತ್ತಿದ್ದರೆ ಅದು ಕಾಫಿ ಬೆಲೆಯ ದೋಷವೂ ಅಲ್ಲ, ಚಳಿಯದೂ ಅಲ್ಲ. ನಮ್ಮಲ್ಲಿ ಇದನ್ನು ಸಂಪ್ರದಾಯ ಎಂದು ಹೇಳಿ ಮುಗಿಸುವುದು ಸುಲಭ. ಮಿಲಿಟರಿ ಕ್ಯಾಂಟೀನಿನ ಮದ್ಯದ ಕೋಟಾ ಪೂರ್ತಿ ಮುಗಿಸಲೇಬೇಕೆಂಬ ನಿಯಮವೇನಿಲ್ಲ. ನಿದ್ದೆ, ಊಟ, ಆಸಕ್ತಿ ಮೂರೂ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗೆ ಬೇರೆಯದೇ ಸಂಖ್ಯೆ, 14567.

ಹೆಂಡತಿ ತೀರಿಕೊಂಡು ವರ್ಷವಾಯಿತು. ಮಕ್ಕಳು ತೋಟ ಮಾರಿ ಬೆಂಗಳೂರಿಗೆ ಬನ್ನಿ ಎನ್ನುತ್ತಾರೆ.

ಮಕ್ಕಳ ಮಾತಿನಲ್ಲಿ ಪ್ರೀತಿಯಿದೆ, ಹೆದರಿಕೆಯೂ ಇದೆ. ರಾತ್ರಿ ಬಿದ್ದರೆ ಯಾರು ನೋಡುತ್ತಾರೆ ಎಂಬ ಹೆದರಿಕೆ ಸುಳ್ಳಲ್ಲ. ಆದರೂ ದುಃಖದ ಮೊದಲ ವರ್ಷಗಳಲ್ಲಿ ಆಸ್ತಿ ಮಾರಬೇಡಿ ಎಂದೇ ನನ್ನ ಅಭಿಪ್ರಾಯ. ಹೋಗಿ ಮೂರು ತಿಂಗಳು ಇದ್ದು ನೋಡಿ. ಹನ್ನೆರಡನೇ ಮಹಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟ ಮೇಲೆ ಹೇಗಿರುತ್ತದೆ ಎಂಬುದು ಅಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ. ಕೆಲವರಿಗೆ ಅದೇ ಹಿತವಾಗಿದೆ, ಪಾರ್ಕಿನಲ್ಲಿ ಹೊಸ ಗೆಳೆಯರು ಸಿಕ್ಕಿದ್ದಾರೆ.

ಇಲ್ಲೇ ಇರುವುದಾದರೆ ಬೆಳಿಗ್ಗೆ ಒಂದು ಮನೆಗೆ ಮಿಸ್ಡ್ ಕಾಲ್ ಕೊಡುವ ಏರ್ಪಾಡು ಮಾಡಿಕೊಳ್ಳಿ. ಎಂಟು ಗಂಟೆಯೊಳಗೆ ಬರದಿದ್ದರೆ ಅವರು ಬಂದು ಬಾಗಿಲು ತಟ್ಟಬೇಕು. ಅಡುಗೆ ಕಲಿಯಿರಿ. ಹೋಟೆಲ್ ಊಟದಲ್ಲಿ ದಿನ ತಳ್ಳುವವರು ಬೇಗ ಸೊರಗುತ್ತಾರೆ. ಮದುವೆ, ತಿಥಿ ಕರೆದರೆ ತಪ್ಪಿಸಬೇಡಿ, ಮನಸ್ಸಿಲ್ಲದಿದ್ದರೂ ಹೋಗಿ ಅರ್ಧ ಗಂಟೆ ಕೂತು ಬನ್ನಿ.

ದುಡ್ಡಿನ ವಿಷಯ ಏನೂ ಹೇಳಲಿಲ್ಲ.

ಎರಡು ಮಾತು. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಮರೆಯಬೇಡಿ, ಈಗ ಮೊಬೈಲಿನಲ್ಲೇ ಆಗುತ್ತದೆ. ಗ್ರಾಚ್ಯುಟಿ ಬಂದ ವರ್ಷವೇ ಅದನ್ನೆಲ್ಲ ಪಕ್ಕದ ತೋಟ ಕೊಳ್ಳಲು ಸುರಿಯಬೇಡಿ. ಕಾಫಿ ಬೆಲೆ ಏರಿದಾಗ ಎಲ್ಲರಿಗೂ ತೋಟ ಚೆಂದ ಕಾಣುತ್ತದೆ.

ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಈಗಲೇ ಏನು ಮಾಡಬಹುದು?

ರಜೆಯ ತಿಂಗಳು ಬದಲಾಯಿಸಿ. ಎಲ್ಲರೂ ಸುಗ್ಗಿಯ ಹಬ್ಬ ಪುತ್ತರಿಗೋ ಡಿಸೆಂಬರಿನ ಮದುವೆಗಳಿಗೋ ಬರುತ್ತಾರೆ. ಊರು ತುಂಬಿರುತ್ತದೆ, ಬಿಸಿಲಿರುತ್ತದೆ, ಇಲ್ಲೇ ಇದ್ದುಬಿಡೋಣ ಎನಿಸುತ್ತದೆ. ಒಂದು ಸಲ ಜುಲೈಯಲ್ಲಿ ಮೂರು ವಾರ ರಜೆ ಹಾಕಿ, ಗಂಡ ಹೆಂಡತಿ ಇಬ್ಬರೂ ಬನ್ನಿ. ನೆಟ್‌ವರ್ಕ್ ಎಷ್ಟು ಸಿಗುತ್ತದೆ, ಹತ್ತಿರದ ಡಾಕ್ಟರು ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ, ಅಕ್ಕಪಕ್ಕದ ಮನೆಗಳಲ್ಲಿ ಯಾರು ಉಳಿದಿದ್ದಾರೆ ನೋಡಿ. ಒಂದು ಸಂಜೆ ಕೊಡೆ ಹಿಡಿದು ಅವರಲ್ಲಿ ಇಬ್ಬರ ಮನೆಗಾದರೂ ಹೋಗಿ, ನಾವು ಎರಡು ವರ್ಷಕ್ಕೆ ಬರುತ್ತಿದ್ದೇವೆ, ಇಲ್ಲಿ ಯಾವ ಕೆಲಸಕ್ಕೆ ಜನ ಸಾಲುತ್ತಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಹೋಗಿ.